ಇ-ಪುಸ್ತಕ ಕೊಳ್ಳುವ ಮುನ್ನ: ಫಾರ್ಮ್ಯಾಟ್ ಬೇರೆ, ಬೀಗ ಬೇರೆ

ಹೊಸ ಫೋನಿಗೋ ಹೊಸ ಕಂಪ್ಯೂಟರಿಗೋ ಹಳೆಯ ಇ-ಪುಸ್ತಕಗಳನ್ನು ಸಾಗಿಸಿದಾಗ ಒಂದು ಗೊಂದಲ ತಪ್ಪದೆ ಎದುರಾಗುತ್ತದೆ. ಎರಡು ಫೈಲುಗಳ ಹೆಸರೂ ಇಪಬ್ ಎಂದೇ ಮುಗಿಯುತ್ತದೆ. ಒಂದು ತೆರೆಯುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಫೈಲು ಕೆಟ್ಟಿರಬೇಕೆಂದು ಮತ್ತೆ ಡೌನ್‌ಲೋಡ್ ಮಾಡಿದರೂ ಫಲ ಅದೇ. ಫೈಲು ಸರಿಯಾಗಿಯೇ ಇದೆ, ಅದಕ್ಕೆ ಬೀಗ ಬಿದ್ದಿದೆ.

ಫಾರ್ಮ್ಯಾಟ್ ಎಂದರೆ ಪುಸ್ತಕವನ್ನು ಕಟ್ಟಿಟ್ಟ ಬಗೆ. ಡಿಆರ್‌ಎಂ ಎಂದರೆ ನಕಲು ತಡೆಯಲು ಅದರ ಮೇಲೆ ಹಾಕಿದ ಬೀಗ. ಒಂದೇ ಇಪಬ್‌ಗೆ ಅಡೋಬಿಯ ಬೀಗ ಇರಬಹುದು, ಆ್ಯಪಲ್‌ನದಿರಬಹುದು, ಎಲ್‌ಸಿಪಿ ಎಂಬ ಇನ್ನೊಂದು ಬಗೆಯ ಬೀಗ ಇರಬಹುದು, ಯಾವುದೂ ಇಲ್ಲದೆಯೂ ಇರಬಹುದು. ಕನ್ನಡ ಓದುಗರಿಗೆ ಈ ವ್ಯತ್ಯಾಸ ಇಂಗ್ಲಿಷ್ ಓದುಗರಿಗಿಂತ ದುಬಾರಿ. ಬೀಗವಿದ್ದ ಪುಸ್ತಕವನ್ನು ಆ ಬೀಗದ ಕೀಲಿ ಇರುವ ಆ್ಯಪ್‌ನಲ್ಲೇ ಓದಬೇಕು. ಆ ಆ್ಯಪ್ ಒತ್ತಕ್ಷರಗಳನ್ನು ಒಡೆದು ತೋರಿಸಿದರೆ, ಕನ್ನಡವನ್ನು ಸರಿಯಾಗಿ ತೋರಿಸುವ ಇನ್ನೊಂದಕ್ಕೆ ಪುಸ್ತಕವನ್ನು ಒಯ್ಯುವ ದಾರಿಯೇ ಇರುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಬೀಗವನ್ನೂ ನೋಡಿ, ಅಕ್ಷರವನ್ನೂ ನೋಡಿ.

ಮೊದಲು ಫಾರ್ಮ್ಯಾಟ್

ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ಕೊನೆಯ ಭಾಗ ಸಾಮಾನ್ಯವಾಗಿ ಕಾಣುವುದಿಲ್ಲ. ಫೋಲ್ಡರಿನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಟಿಕ್ ಹಾಕಿದರೆ ಕಾಣುತ್ತದೆ.

ಇಪಬ್: ಎಲ್ಲಕ್ಕಿಂತ ಹೆಚ್ಚು ಕಡೆ ನಡೆಯುವ ಫಾರ್ಮ್ಯಾಟ್. ಎರಡನೆಯ ಆವೃತ್ತಿ 2007ರಲ್ಲಿ, ಮೂರನೆಯದು 2011ರಲ್ಲಿ ಬಂತು. ಈಗ ಇದರ ಹೊಣೆ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯದು. ಒಳಗೆ ಇರುವುದು ಒಂದು ಪುಟ್ಟ ವೆಬ್‌ಸೈಟು: ಅಧ್ಯಾಯಗಳ ಪುಟಗಳು, ಚಿತ್ರಗಳು, ಫಾಂಟುಗಳು, ಪರಿವಿಡಿ, ಎಲ್ಲವೂ ಒಂದೇ ಜಿಪ್ ಗಂಟಿನಲ್ಲಿ. ತೆರೆಯ ಅಗಲಕ್ಕೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಫಾಂಟನ್ನು ಪುಸ್ತಕದೊಳಗೇ ಸೇರಿಸಬಹುದು, ಕನ್ನಡಕ್ಕೆ ಇದೇ ದೊಡ್ಡ ಅನುಕೂಲ.

ಮೊಬಿ: ಫ್ರಾನ್ಸಿನ ಮೊಬಿಪಾಕೆಟ್ ಕಂಪನಿಯದು. ಅಮೆಜಾನ್ 2005ರಲ್ಲಿ ಆ ಕಂಪನಿಯನ್ನೇ ಕೊಂಡು, ತನ್ನ ಇ-ರೀಡರ್ ಆದ ಕಿಂಡಲ್‌ಗೆ ಇದನ್ನೇ ಅಡಿಪಾಯ ಮಾಡಿಕೊಂಡಿತು. ಹಳೆಯ ಮೊಬಿಯೊಳಗೆ ಫಾಂಟು ಸೇರಿಸಲು ಬರುವುದಿಲ್ಲ. ಸಾಧನದಲ್ಲಿ ಕನ್ನಡ ಫಾಂಟು ಇಲ್ಲದಿದ್ದರೆ ಚೌಕಗಳ ಸಾಲು ಕಾಣುತ್ತದೆ. ಹೊಸದಾಗಿ ಏನನ್ನೂ ಈ ಫಾರ್ಮ್ಯಾಟಿನಲ್ಲಿ ಇಟ್ಟುಕೊಳ್ಳಬೇಡಿ.

ಎಜಡ್‌ಡಬ್ಲ್ಯು3 ಮತ್ತು ಕೆಎಫ್‌ಎಕ್ಸ್: ಕಿಂಡಲ್‌ನ ಮುಂದಿನ ತಲೆಮಾರುಗಳು. ಮೊದಲನೆಯದು 2011ರಲ್ಲಿ, ಎರಡನೆಯದು 2015ರಲ್ಲಿ ಬಂತು. ಎರಡರಲ್ಲೂ ಫಾಂಟು ಸೇರಿಸಬಹುದು. ಕಿಂಡಲ್ ಬಿಟ್ಟು ಹೊರಗೆ ಇವುಗಳ ಓಡಾಟ ಕಡಿಮೆ.

ಪಿಡಿಎಫ್: 1993ರಿಂದ ಇದೆ, ಅಚ್ಚಿನ ಪುಟದ ಫೋಟೋ ಇದ್ದಂತೆ. ಎಲ್ಲ ಕಡೆ ತೆರೆಯುತ್ತದೆ, ಅಕ್ಷರವೂ ಕೆಡುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಇಷ್ಟು ಬಳಕೆ. ತೊಂದರೆ ಗಾತ್ರದ್ದು. ನಮ್ಮ ಕಾದಂಬರಿಗಳ ಸಾಮಾನ್ಯ ಅಳತೆಯಾದ 1/8 ಡೆಮಿ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ ಇರುತ್ತದೆ. 6 ಇಂಚಿನ ಇ-ರೀಡರ್‌ನ ತೆರೆ 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಅಷ್ಟೇ. ಇಡೀ ಪುಟವನ್ನು ಅದರಲ್ಲಿ ಕೂರಿಸಿದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿನಷ್ಟು ಕುಗ್ಗುತ್ತದೆ, ಫೋನಿನಲ್ಲಿ ಇನ್ನೂ ಸಣ್ಣದು. ಆ ಗಾತ್ರದಲ್ಲಿ ಒತ್ತಕ್ಷರ ಕಣ್ಣಿಗೆ ಹಿಂಸೆ. ಪಿಡಿಎಫ್ ಓದುವುದೇ ಆದರೆ 10 ಇಂಚಿನ ಟ್ಯಾಬ್ಲೆಟ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಧನವನ್ನು ಅಡ್ಡ ತಿರುಗಿಸಿ, ಅಂಚಿನ ಖಾಲಿ ಜಾಗ ಕತ್ತರಿಸಿ ಓದಿ. ಕೆಓರೀಡರ್ ಎಂಬ ಉಚಿತ ಆ್ಯಪ್‌ನಲ್ಲಿ ಈ ಕತ್ತರಿಸುವ ಸೌಲಭ್ಯ ಚೆನ್ನಾಗಿದೆ.

ಅಕ್ಷರ ಪರೀಕ್ಷೆ

ಇದಕ್ಕೆ ಐದು ನಿಮಿಷ ಸಾಕು. ಕನ್ನಡ ವಿಕಿಸೋರ್ಸ್‌ಗೆ ಹೋಗಿ ಯಾವುದಾದರೂ ಒಂದು ಕೃತಿಯನ್ನು ಇಪಬ್ ಆಗಿ ಡೌನ್‌ಲೋಡ್ ಮಾಡಿ. ಅಲ್ಲಿಯ ಪುಸ್ತಕಗಳಿಗೆ ಬೀಗ ಇರುವುದಿಲ್ಲ. ನೀವು ಕೊಳ್ಳಲಿರುವ ಸಾಧನದಲ್ಲಿ ಅಥವಾ ಆ್ಯಪ್‌ನಲ್ಲಿ ಅದನ್ನು ತೆರೆದು ‘ರಾಷ್ಟ್ರ’, ‘ಸ್ತ್ರೀ’, ‘ಜ್ಞಾನ’, ‘ಕೃಷ್ಣ’, ‘ಸೂರ್ಯ’ ಇಂಥ ಪದಗಳನ್ನು ಹುಡುಕಿ ನೋಡಿ.

‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಬಲಕ್ಕೆ ಕೂರಬೇಕು. ‘ಷ್ಟ್ರ’ದಲ್ಲಿ ಎರಡೂ ಒತ್ತುಗಳು ‘ಷ’ದ ಬುಡಕ್ಕೇ ಸೇರಬೇಕು. ‘ಷ್’, ‘ಟ್’, ‘ರ’ ಎಂದು ಬಿಡಿಬಿಡಿಯಾಗಿ ಸಾಲುಗಟ್ಟಿದ್ದರೆ ಆ ಆ್ಯಪ್‌ಗೆ ಅಕ್ಷರ ಜೋಡಿಸುವ ಕೆಲಸ ಬಂದಿಲ್ಲ ಎಂದರ್ಥ. ಅದಕ್ಕೆ ಫಾಂಟು ಬದಲಿಸಿ ಪ್ರಯೋಜನವಿಲ್ಲ, ಆ್ಯಪ್ಪನ್ನೇ ಬದಲಿಸಬೇಕು. ಬರೀ ಚೌಕಗಳು ಕಂಡರೆ ಮಾತ್ರ ಅದು ಫಾಂಟಿನ ಕೊರತೆ. ‘ರ‍್ಯಾಂಕ್’ ಎಂಬ ಪದವನ್ನೂ ನೋಡಿ. ಅದರ ‘ರ’ ಪೂರ್ತಿಯಾಗಿ ನಿಂತು ಯಕಾರ ಕೆಳಗೆ ಬರಬೇಕು. ಅಲ್ಲಿ ಅರ್ಕಾವತ್ತು ಕಂಡರೆ ಪುಸ್ತಕ ತಯಾರಿಸುವಾಗಲೇ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಬಿದ್ದುಹೋಗಿದೆ. ಆ ತಪ್ಪು ಪ್ರಕಾಶಕರದು.

ಪಿಡಿಎಫ್‌ಗೆ ಪರೀಕ್ಷೆ ಬೇರೆ. ಒಂದು ಸಾಲನ್ನು ಆಯ್ದು ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟಿದ ಪುಸ್ತಕ. ಏನನ್ನೂ ಆಯ್ಕೆ ಮಾಡಲಾಗದಿದ್ದರೆ ಒಂದೋ ಅದು ಸ್ಕ್ಯಾನ್ ಮಾಡಿದ ಪ್ರತಿ, ಇಲ್ಲವೇ ನಕಲು ಮಾಡದಂತೆ ನಿರ್ಬಂಧ ಹಾಕಿದ್ದಾರೆ. ಆಕ್ರೊಬ್ಯಾಟ್ ರೀಡರ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಸೆಕ್ಯುರಿಟಿ ಎಂದು ಹೋದರೆ ಯಾವುದೆಂದು ಗೊತ್ತಾಗುತ್ತದೆ. ಹಳೆಯ ಫಾಂಟಿನ ಪುಸ್ತಕದಲ್ಲಿ ಪದ ಹುಡುಕಲು ಆಗುವುದಿಲ್ಲ, ಫೋನು ಅದನ್ನು ಓದಿ ಹೇಳುವುದಿಲ್ಲ, ಇಪಬ್‌ಗೆ ತಿರುಗಿಸಿದರೆ ಕಸ ಬರುತ್ತದೆ. ಯೂನಿಕೋಡ್ ಪಿಡಿಎಫ್ ಕೂಡ ತಿರುಗಿಸುವಾಗ ಒತ್ತಕ್ಷರಗಳ ಅನುಕ್ರಮ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಪಿಡಿಎಫ್ ನೆನಪಿಟ್ಟುಕೊಳ್ಳುವುದು ಅಕ್ಷರದ ಆಕಾರವನ್ನು ಮತ್ತು ಅದು ಪುಟದಲ್ಲಿ ಕೂತ ಜಾಗವನ್ನು. ಪಿಡಿಎಫ್ ಕೊಂಡು ಆಮೇಲೆ ಇಪಬ್ ಮಾಡಿಕೊಳ್ಳೋಣ ಎಂಬ ಲೆಕ್ಕಾಚಾರ ಕನ್ನಡದಲ್ಲಿ ನಡೆಯುವುದು ಅಪರೂಪ.

ಬೀಗ ಯಾವುದೆಂದು ಪತ್ತೆ ಮಾಡುವುದು

ಕೈಯಲ್ಲಿರುವ ಇಪಬ್‌ಗೆ ಬೀಗ ಇದೆಯೇ ಎಂದು ಯಾರನ್ನೂ ಕೇಳದೆ ತಿಳಿಯಬಹುದು.

1. ಫೈಲಿನ ಒಂದು ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ.
2. ನಕಲಿನ ಹೆಸರಿನ ಕೊನೆಯಲ್ಲಿರುವ ಇಪಬ್ ತೆಗೆದು ಜಿಪ್ ಎಂದು ಬದಲಿಸಿ, ಬಿಚ್ಚಿ.
3. ಒಳಗೆ ‘ಮೆಟಾ-ಇನ್ಫ್’ ಎಂಬ ಫೋಲ್ಡರ್ ಇರುತ್ತದೆ. ಅದನ್ನು ತೆರೆಯಿರಿ.
4. ಅಲ್ಲಿ ‘ಕಂಟೇನರ್’ ಎಂಬ ಎಕ್ಸ್‌ಎಂಎಲ್ ಫೈಲು ಒಂದೇ ಇದ್ದರೆ ಬೀಗವಿಲ್ಲ. ಜೊತೆಗೆ ‘ರೈಟ್ಸ್’ ಇದ್ದರೆ ಅಡೋಬಿಯ ಬೀಗ. ‘ಲೈಸೆನ್ಸ್’ ಎಂಬ ಹೆಸರಿನ, ಎಲ್‌ಸಿಪಿಎಲ್ ಎಂದು ಮುಗಿಯುವ ಫೈಲು ಇದ್ದರೆ ಎಲ್‌ಸಿಪಿ. ‘ಸಿನ್ಫ್’ ಇದ್ದರೆ ಆ್ಯಪಲ್‌ನ ಫೇರ್‌ಪ್ಲೇ.

ಇಲ್ಲೊಂದು ಕಡೆ ಬಲ್ಲವರೂ ಎಡವುತ್ತಾರೆ. ‘ಎನ್‌ಕ್ರಿಪ್ಶನ್’ ಎಂಬ ಎಕ್ಸ್‌ಎಂಎಲ್ ಫೈಲು ಕಂಡೊಡನೆ ಬೀಗವಿದೆ ಎಂದು ತೀರ್ಮಾನಿಸಬೇಡಿ. ಪುಸ್ತಕದೊಳಗಿನ ಫಾಂಟನ್ನು ಯಾರೂ ಎತ್ತಿಕೊಳ್ಳದಿರಲಿ ಎಂದು ಆ ಫಾಂಟಿನ ಮೊದಲ 1,040 ಬೈಟ್‌ಗಳನ್ನು ಮಾತ್ರ ಕಲಸಿಡುವ ಪದ್ಧತಿ ಇಪಬ್‌ನಲ್ಲೇ ಇದೆ. ಅಡೋಬಿಯ ಪದ್ಧತಿಯಲ್ಲಿ ಅದು 1,024 ಬೈಟ್. ಅದನ್ನೂ ಇದೇ ಫೈಲಿನಲ್ಲಿ ಬರೆದಿಡುತ್ತಾರೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಿ. ಪಟ್ಟಿಯಲ್ಲಿ ಫಾಂಟುಗಳಷ್ಟೇ ಇದ್ದರೆ ಪುಸ್ತಕ ಮುಕ್ತ, ಅಧ್ಯಾಯಗಳ ಹೆಸರೂ ಇದ್ದರೆ ಬೀಗ.

ಶೀರ್ಷಿಕೆ, ಲೇಖಕರ ಹೆಸರು ಇರುವ ಭಾಗಕ್ಕೆ ಬೀಗ ಹಾಕುವಂತಿಲ್ಲ ಎಂಬುದು ಇಪಬ್‌ನ ನಿಯಮ. ಬೀಗವಿದ್ದ ಪುಸ್ತಕವನ್ನು ಇ-ಪುಸ್ತಕಗಳನ್ನು ಜೋಡಿಸಿಡುವ ತಂತ್ರಾಂಶವಾದ ಕ್ಯಾಲಿಬರ್‌ಗೆ ಸೇರಿಸಿದಾಗ ಹೆಸರೆಲ್ಲ ಸರಿಯಾಗಿ ಕಂಡು, ತೆರೆಯಲು ಹೋದಾಗ ‘ಡಿಆರ್‌ಎಂ’ ಎಂಬ ಎಚ್ಚರಿಕೆ ಬರುವುದು ಅದಕ್ಕೇ.

ಅಡೋಬಿಯ ಬೀಗ: ಎಸಿಎಸ್‌ಎಂ ಫೈಲು ಬಂದಾಗ

ಪುಸ್ತಕ ಕೊಂಡಿರಿ, ಡೌನ್‌ಲೋಡ್ ಒತ್ತಿದಿರಿ, ಕೆಲವೇ ಕೆಬಿಯ ಎಸಿಎಸ್‌ಎಂ ಎಂಬ ಫೈಲು ಬಂತು. ಅದು ಪುಸ್ತಕವಲ್ಲ, ಪುಸ್ತಕ ಪಡೆಯುವ ಚೀಟಿ. ಈ ಚೀಟಿಯನ್ನೇ ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಟ್ಟು ಪುಸ್ತಕ ಭದ್ರವಾಯಿತು ಅಂದುಕೊಂಡವರು ಮುಂದೆ ಪೇಚಾಡುತ್ತಾರೆ, ಯಾಕೆಂದರೆ ಚೀಟಿಗೆ ಅವಧಿ ಇರುತ್ತದೆ.

1. ಅಡೋಬಿಯ ಸೈಟಿನಲ್ಲಿ ಉಚಿತ ಅಡೋಬಿ ಐಡಿ ಮಾಡಿಕೊಳ್ಳಿ. ಎಂದೂ ಕೈತಪ್ಪದ ಇಮೇಲ್ ಕೊಡಿ, ಕಚೇರಿಯ ಇಮೇಲ್ ಬೇಡ.
2. ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಹಾಕಿ. ಲಿನಕ್ಸ್‌ಗೆ ಇದು ಇಲ್ಲ.
3. ಹೆಲ್ಪ್ ಮೆನುವಿನಲ್ಲಿ ‘ಆಥರೈಸ್ ಕಂಪ್ಯೂಟರ್’ ಒತ್ತಿ ಐಡಿ ಕೊಡಿ. ಐಡಿ ಇಲ್ಲದೆ ಮುಂದುವರಿಯುವ ಆಯ್ಕೆಯೂ ಅಲ್ಲಿರುತ್ತದೆ, ಅದನ್ನು ಮುಟ್ಟಬೇಡಿ. ಹಾಗೆ ಪಡೆದ ಪುಸ್ತಕ ಆ ಒಂದು ಕಂಪ್ಯೂಟರಿಗೇ ಅಂಟಿಕೊಳ್ಳುತ್ತದೆ.
4. ಎಸಿಎಸ್‌ಎಂ ಫೈಲನ್ನು ಅದರಲ್ಲಿ ತೆರೆಯಿರಿ. ನಿಜವಾದ ಇಪಬ್ ಅಥವಾ ಪಿಡಿಎಫ್ ಇಳಿದು ಡಾಕ್ಯುಮೆಂಟ್ಸ್‌ನ ‘ಮೈ ಡಿಜಿಟಲ್ ಎಡಿಷನ್ಸ್’ ಫೋಲ್ಡರಿನಲ್ಲಿ ಕೂರುತ್ತದೆ. ಬ್ಯಾಕಪ್ ಮಾಡಬೇಕಾದದ್ದು ಇದನ್ನು.
5. ಕೋಬೋ, ಪಾಕೆಟ್‌ಬುಕ್ ಇ-ರೀಡರ್‌ಗಳಲ್ಲಿ ಓದುವುದಾದರೆ ಯುಎಸ್‌ಬಿಯಲ್ಲಿ ಜೋಡಿಸಿ, ಅದೇ ಐಡಿಯಿಂದ ಸಾಧನಕ್ಕೂ ಅನುಮತಿ ಕೊಟ್ಟು, ಪುಸ್ತಕವನ್ನು ಎಳೆದು ಹಾಕಿ. ಕಿಂಡಲ್‌ನಲ್ಲಿ ಈ ಬೀಗ ತೆರೆಯುವುದೇ ಇಲ್ಲ.

ಎಡವಟ್ಟಾಗುವ ಜಾಗಗಳು ಹೆಚ್ಚುಕಡಿಮೆ ಇವೇ. ‘ಆಲ್ರೆಡಿ ಫುಲ್‌ಫಿಲ್ಡ್ ಬೈ ಅನದರ್ ಯೂಸರ್’ ಎಂದು ಬಂದರೆ ಆ ಚೀಟಿಯನ್ನು ಮೊದಲು ಬೇರೊಂದು ಐಡಿಯಿಂದ ತೆರೆಯಲಾಗಿದೆ. ಮನೆಯಲ್ಲಿ ಗಂಡ ಹೆಂಡತಿ ಒಂದೇ ಕಂಪ್ಯೂಟರ್ ಬಳಸುವಾಗ ಹೀಗಾಗುತ್ತದೆ. ಮೊದಲ ಐಡಿಗೇ ಮರಳಬೇಕು, ಆಗದಿದ್ದರೆ ಅಂಗಡಿಯವರಿಂದ ಹೊಸ ಚೀಟಿ ಪಡೆಯಬೇಕು. ‘ರಿಕ್ವೆಸ್ಟ್ ಎಕ್ಸ್‌ಪೈರ್ಡ್’ ಬಂದರೆ ಮೊದಲು ಕಂಪ್ಯೂಟರಿನ ಗಡಿಯಾರ, ದಿನಾಂಕ ಸರಿಯಿದೆಯೇ ನೋಡಿ. ಅದು ಸರಿಯಿದ್ದರೆ ಚೀಟಿಯ ಅವಧಿ ಮುಗಿದಿದೆ, ಅಂಗಡಿಯ ಪುಟದಿಂದ ಮತ್ತೆ ಇಳಿಸಿಕೊಳ್ಳಿ. ‘ಟೂ ಮೆನಿ ಆ್ಯಕ್ಟಿವೇಶನ್ಸ್’ ಬಂದರೆ ಒಂದು ಐಡಿಗೆ ಇರುವ ಆರು ಕಂಪ್ಯೂಟರುಗಳ ಮಿತಿ ತುಂಬಿದೆ. ಹಳೆಯ ಕಂಪ್ಯೂಟರ್ ಮಾರುವಾಗ, ಫಾರ್ಮ್ಯಾಟ್ ಹೊಡೆಯುವಾಗ ಅನುಮತಿ ವಾಪಸ್ ಪಡೆಯದೆ ಬಿಟ್ಟದ್ದೇ ಇದಕ್ಕೆ ಕಾರಣ. ಡಿಜಿಟಲ್ ಎಡಿಷನ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅನುಮತಿ ವಾಪಸಾಗುತ್ತದೆ. ಮಿತಿ ತುಂಬಿಹೋದ ಮೇಲೆ ಅಡೋಬಿಯ ಸಹಾಯ ವಿಭಾಗಕ್ಕೆ ಬರೆದು ಎಣಿಕೆಯನ್ನು ಸೊನ್ನೆಗೆ ತರಿಸಿಕೊಳ್ಳಬೇಕು.

ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೊಂಡ ಪುಸ್ತಕಕ್ಕೂ ಈ ದಾರಿ ಅನ್ವಯಿಸುತ್ತದೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ನಿಮ್ಮ ಪುಸ್ತಕಗಳ ಪುಟ ತೆರೆದು, ಪುಸ್ತಕದ ಪಕ್ಕದ ಮೂರು ಚುಕ್ಕೆ ಒತ್ತಿ ‘ಎಕ್ಸ್‌ಪೋರ್ಟ್’ ನೋಡಿ. ನೇರವಾಗಿ ಇಪಬ್ ಸಿಕ್ಕರೆ ಬೀಗವಿಲ್ಲ, ಎಸಿಎಸ್‌ಎಂ ಸಿಕ್ಕರೆ ಅಡೋಬಿಯ ಬೀಗ, ಏನೂ ಸಿಗದಿದ್ದರೆ ಪ್ರಕಾಶಕರು ಹೊರಗೆ ಒಯ್ಯಲು ಬಿಟ್ಟಿಲ್ಲ. ಕೊಳ್ಳುವ ಮೊದಲೇ ಪುಸ್ತಕದ ವಿವರದಲ್ಲಿ ‘ಫ್ಲೋಯಿಂಗ್ ಟೆಕ್ಸ್ಟ್’ ಇದೆಯೋ ‘ಒರಿಜಿನಲ್ ಪೇಜಸ್’ ಮಾತ್ರವೋ ಗಮನಿಸಿ. ಎರಡನೆಯದಾದರೆ ಅಕ್ಷರ ಹಿಗ್ಗಿಸಲಾಗದು, ಪಿಡಿಎಫ್‌ನ ಕಷ್ಟಗಳೆಲ್ಲ ಅದಕ್ಕೂ ಇವೆ.

ಎಲ್‌ಸಿಪಿ

ರೀಡಿಯಂ ಎಲ್‌ಸಿಪಿಯನ್ನು ನೋಡಿಕೊಳ್ಳುವುದು ಪ್ಯಾರಿಸ್‌ನ ಇಡಿಆರ್‌ಲ್ಯಾಬ್. ಬೀಗವಿರಲೇಬೇಕು ಎಂದಾದರೆ ಇರುವವುಗಳಲ್ಲಿ ಇದೇ ವಾಸಿ. ಅಡೋಬಿಯಂತೆ ಮೂರನೆಯ ಕಂಪನಿಯ ಖಾತೆ ಬೇಡ. ಪುಸ್ತಕಕ್ಕೆ ಒಂದು ಪಾಸ್‌ಫ್ರೇಸ್, ಅಂದರೆ ಗುಟ್ಟಿನ ಪದಗುಚ್ಛ ಇರುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಚಿತವಾಗಿ ಸಿಗುವ ಥೋರಿಯಂ ರೀಡರ್‌ನಲ್ಲಿ ಎಲ್‌ಸಿಪಿಎಲ್ ಫೈಲು ತೆರೆದು ಆ ಪದಗುಚ್ಛ ಕೊಟ್ಟರೆ ಮುಗಿಯಿತು. ಅಂಗಡಿಯ ಖಾತೆಯ ಪಾಸ್‌ವರ್ಡನ್ನೇ ಇಲ್ಲಿ ಕೊಟ್ಟು ಆಗುತ್ತಿಲ್ಲವೆನ್ನುವುದು ಸಾಮಾನ್ಯ ತಪ್ಪು. ಪೆಟ್ಟಿಗೆಯಲ್ಲಿ ತೋರಿಸುವ ಸುಳಿವನ್ನು ಓದಿ. ಗ್ರಂಥಾಲಯದಿಂದ ಎರವಲು ಪಡೆದ ಪ್ರತಿಯಾದರೆ ಅದರೊಳಗೇ ಕೊನೆಯ ದಿನಾಂಕ ಬರೆದಿರುತ್ತದೆ, ಅದರಾಚೆಗೆ ತೆರೆಯದು.

ಕಿಂಡಲ್

ಕಿಂಡಲ್ ಅಂಗಡಿಯ ಬೀಗ ಅಮೆಜಾನ್‌ನದೇ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ದಾಟಿಸುವ ಸೌಲಭ್ಯ 2025ರ ಫೆಬ್ರವರಿ 26ರಂದು ನಿಂತಿತು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಬಂದ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳ ಸಾಲಿನಲ್ಲಿ ಕನ್ನಡ ಇರಲಿಲ್ಲ. ಬರೀ ಕನ್ನಡ ಓದಲೆಂದು ಕಿಂಡಲ್ ಕೊಳ್ಳುವ ಯೋಚನೆ ಇದ್ದರೆ ಇದು ನೆನಪಿರಲಿ.

ಬೀಗವಿಲ್ಲದ ಕನ್ನಡ ಇಪಬ್ ನಿಮ್ಮ ಬಳಿ ಇದ್ದರೆ ಕಿಂಡಲ್‌ಗೆ ಕಳಿಸಬಹುದು. ‘ಸೆಂಡ್ ಟು ಕಿಂಡಲ್’ 2022ರಿಂದ ಇಪಬ್ ತೆಗೆದುಕೊಳ್ಳುತ್ತದೆ. ವೆಬ್ ಪುಟದಿಂದಾದರೆ 200 ಎಂಬಿ, ಇಮೇಲ್‌ನಿಂದಾದರೆ 50 ಎಂಬಿ ಮಿತಿ. ಇಮೇಲ್ ಕಳಿಸಿಯೂ ಪುಸ್ತಕ ಬರದಿದ್ದರೆ, ಕಳಿಸಿದ ವಿಳಾಸವನ್ನು ಅಮೆಜಾನ್ ಖಾತೆಯ ‘ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್’ನಲ್ಲಿ ಒಪ್ಪಿತ ಪಟ್ಟಿಗೆ ಸೇರಿಸಿದ್ದೀರಾ ನೋಡಿ. ‘ಇ999’ ಎಂಬ ದೋಷ ಬಂದರೆ ಇಪಬ್‌ನ ಒಳಕಟ್ಟು ಸರಿಯಿಲ್ಲದಿರುವ ಸಾಧ್ಯತೆ ಹೆಚ್ಚು. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಉಚಿತ ತಂತ್ರಾಂಶ ಕ್ಯಾಲಿಬರ್ ಇದಕ್ಕೆ ಮದ್ದು. ಪುಸ್ತಕವನ್ನು ಅದಕ್ಕೆ ಸೇರಿಸಿ, ‘ಕನ್ವರ್ಟ್ ಬುಕ್ಸ್’ ಒತ್ತಿ, ಇಪಬ್‌ನಿಂದ ಇಪಬ್‌ಗೇ ತಿರುಗಿಸಿ. ಆಗಲೇ ‘ಲುಕ್ ಆ್ಯಂಡ್ ಫೀಲ್’ ವಿಭಾಗದ ಫಾಂಟ್ಸ್‌ನಲ್ಲಿ ‘ಎಂಬೆಡ್ ಫಾಂಟ್ ಫ್ಯಾಮಿಲಿ’ಗೆ ನೋಟೋ ಸೆರಿಫ್ ಕನ್ನಡವನ್ನೋ ಇನ್ನಾವುದಾದರೂ ಯೂನಿಕೋಡ್ ಫಾಂಟನ್ನೋ ಕೊಡಿ, ಚೌಕಗಳ ತೊಂದರೆ ಕಳೆಯುತ್ತದೆ. ಮೆಟಾಡೇಟಾದಲ್ಲಿ, ಅಂದರೆ ಪುಸ್ತಕದ ವಿವರಗಳ ಭಾಗದಲ್ಲಿ, ಭಾಷೆಯನ್ನು ಕನ್ನಡ ಎಂದು ಗುರುತಿಸಿ. ಇದನ್ನು ಬಿಟ್ಟರೆ ಗಟ್ಟಿಯಾಗಿ ಓದಿ ಹೇಳುವ ಆ್ಯಪ್‌ಗಳು ಕನ್ನಡ ಪಠ್ಯವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೆಣಗಾಡುತ್ತವೆ.

ಆ್ಯಪ್‌ನೊಳಗೇ ಉಳಿಯುವ ಪುಸ್ತಕಗಳು

ಫೈಲನ್ನೇ ಕೊಡದೆ ತಮ್ಮ ಆ್ಯಪ್‌ನಲ್ಲಿ ಮಾತ್ರ ಓದಿಸುವ ಅಂಗಡಿಗಳಿವೆ. ಕನ್ನಡಕ್ಕೆಂದೇ ಮಾಡಿದ ಆ್ಯಪ್ ಆದರೆ ಅಕ್ಷರ ಚೆನ್ನಾಗಿ ಕಾಣುವ ಸಂಭವ ಹೆಚ್ಚು, ಬೆಲೆಯೂ ಕೈಗೆಟುಕುತ್ತದೆ, ಲೇಖಕರಿಗೆ ಹಣ ತಲುಪುತ್ತದೆ. ಆದರೆ ಇದು ದೀರ್ಘಾವಧಿಯ ಬಾಡಿಗೆ ಎಂದು ತಿಳಿದೇ ದುಡ್ಡು ಕೊಡಿ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ 2019ರ ಏಪ್ರಿಲ್‌ನಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿತು. ಜುಲೈನಿಂದ ಜನ ಕೊಂಡ ಪುಸ್ತಕಗಳು ತೆರೆಯದಾದವು. ಹಣ ಹಿಂದಿರುಗಿಸಿದರು ನಿಜ, ಪುಸ್ತಕಗಳು ಹೋದವು. ಒಮ್ಮೆ ಓದಿ ಮುಗಿಸುವ ಕಾದಂಬರಿಗೆ ಆ್ಯಪ್ ಸಾಕು. ನಿಘಂಟು, ಹಳಗನ್ನಡ ಕಾವ್ಯದ ಸಂಪಾದಿತ ಆವೃತ್ತಿ, ಮತ್ತೆ ಮತ್ತೆ ತೆರೆಯಬೇಕಾದ ಗ್ರಂಥ ಇವನ್ನು ಫೈಲು ಕೈಗೆ ಸಿಗುವ ಕಡೆ ಅಥವಾ ಕಾಗದದಲ್ಲೇ ಕೊಳ್ಳಿ.

ಬೀಗದ ಬದಲು ಗುರುತು

ಕೊಂಡವರ ಹೆಸರು ಅಥವಾ ಖರೀದಿಯ ಸಂಖ್ಯೆಯನ್ನು ಪುಸ್ತಕದೊಳಗೆ ಸೇರಿಸಿ ಕೊಡುವ ವಾಟರ್‌ಮಾರ್ಕ್ ಪದ್ಧತಿಯೂ ಇದೆ. ಎಲ್ಲಿ ಬೇಕಾದರೂ ತೆರೆಯುತ್ತದೆ, ಫಾಂಟು ಬದಲಿಸಬಹುದು, ಕೆಓರೀಡರ್‌ಗೆ ಒಯ್ಯಬಹುದು. ಪ್ರತಿ ಅಂತರ್ಜಾಲದಲ್ಲಿ ಹರಿದಾಡಿದರೆ ಯಾರದೆಂದು ತಿಳಿಯುತ್ತದೆ, ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಪಲ ಬೇಡ. ಸ್ವಂತ ಪುಸ್ತಕ ಹೊರತರುವ ಕನ್ನಡ ಲೇಖಕರು, ಸಣ್ಣ ಪ್ರಕಾಶಕರು ಇದನ್ನೇ ಆರಿಸಿಕೊಂಡರೆ ಓದುಗರಿಗೆ ದೊಡ್ಡ ಉಪಕಾರ. ಇಂಗ್ಲಿಷಿನಲ್ಲಿ ಟಾರ್ ಪ್ರಕಾಶನ 2012ರಿಂದ ಬೀಗವಿಲ್ಲದೆಯೇ ಮಾರುತ್ತ ಬಂದಿದೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಬೀಗ ಮುರಿಯುವ ವಿಧಾನ ಈ ಲೇಖನದಲ್ಲಿಲ್ಲ. ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ 65ಎ ವಿಧಿ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಅಮೆರಿಕದಲ್ಲಿರುವ ಕನ್ನಡಿಗರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿಯ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬೀಗ ಮುರಿಯುವುದೇ ನಿಷಿದ್ಧ, ಮೂರು ವರ್ಷಕ್ಕೊಮ್ಮೆ ಕೆಲವು ವಿನಾಯಿತಿಗಳನ್ನು ಪ್ರಕಟಿಸುತ್ತಾರೆ.

ದೃಷ್ಟಿದೋಷದಿಂದಲೋ ಬೇರೆ ಅಂಗವೈಕಲ್ಯದಿಂದಲೋ ಅಚ್ಚಿನ ಪುಸ್ತಕ ಓದಲಾಗದವರಿಗೆ ಬೇರೆ ದಾರಿ ಇದೆ. ಅವರಿಗಾಗಿ ಓದಬಲ್ಲ ರೂಪದ ಪ್ರತಿ ತಯಾರಿಸಲು 2012ರ ಆ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಹೆಸರು ನೋಂದಾಯಿಸಿ, ಅಂಗವೈಕಲ್ಯದ ದಾಖಲೆ ಕೊಟ್ಟರೆ ಸ್ಕ್ರೀನ್ ರೀಡರ್ (ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಓದಬಲ್ಲ ಪುಸ್ತಕಗಳು ಸಿಗುತ್ತವೆ. ಬೀಗದ ಪುಸ್ತಕ ಕೊಂಡು ಅದು ಓದಿ ಹೇಳದೆ ಪರದಾಡುವ ಮೊದಲು ಅಲ್ಲಿ ಹುಡುಕಿ.